ಎದೆಯ ನೀರಿನಲ್ಲಿ ಕಿಣ್ವದ ಸಾಕ್ಷ್ಯ

ಮಳವಳ್ಳಿಯ ಕಡೆಯ ಒಬ್ಬ ಕಬ್ಬು ಬೆಳೆಗಾರನನ್ನು ಊಹಿಸಿಕೊಳ್ಳೋಣ. ಕೆಲವು ವಾರಗಳಿಂದ ಅವನಿಗೆ ಸಂಜೆಯಾದರೆ ಜ್ವರ. ಉಸಿರನ್ನು ಎಳೆದುಕೊಂಡರೆ ಪಕ್ಕೆಯಲ್ಲಿ ಇರಿದಂತಹ ನೋವು. ಮನೆಮದ್ದು ಮುಗಿಯಿತು, ಮದ್ದೂರಿನ ಅಂಗಡಿಯಿಂದ ತಂದ ಮಾತ್ರೆಗಳೂ ಮುಗಿದವು. ಕೊನೆಗೆ ಮಂಡ್ಯದ ಆಸ್ಪತ್ರೆಯಲ್ಲಿ ಕ್ಷ-ಕಿರಣದ ಚಿತ್ರವನ್ನು ತೆಗೆದಾಗ, ಎದೆಯ ಒಂದು ಪಕ್ಕದಲ್ಲಿ ನೀರು ನಿಂತಿರುವುದು ಕಂಡುಬರುತ್ತದೆ.

ಈ ನೀರು ರೋಗವಲ್ಲ, ರೋಗದ ಕುರುಹು. ಪುಪ್ಪುಸವನ್ನು ಸುತ್ತಿರುವ ಎರಡು ಪೊರೆಗಳ ನಡುವೆ ಅದು ಸೇರಲು ಕಾರಣಗಳು ಹಲವು: ಹೃದಯದ ದೌರ್ಬಲ್ಯ, ಕೀವು, ಅರ್ಬುದ, ಕ್ಷಯ. ಚಿಕಿತ್ಸೆಯಾದರೋ ಒಂದೊಂದಕ್ಕೂ ಬೇರೆ. ಕ್ಷಯವಾದರೆ ಅದರ ಅಣುಗಳು ನೀರಿನಲ್ಲಿ ಇರಬೇಡವೆ ಎಂದು ವಾಚಕರು ಕೇಳಬಹುದು. ಇರುತ್ತವೆ, ಆದರೆ ಬಹಳ ವಿರಳ. ಅಲ್ಲಿ ನೀರು ತುಂಬುವುದು ಅಣುಗಳ ಸಂಖ್ಯೆಯಿಂದಲ್ಲ, ಅವುಗಳ ಮೇಲೆ ನಮ್ಮ ದೇಹ ತೋರುವ ಉಗ್ರ ಪ್ರತಿಕ್ರಿಯೆಯಿಂದ. ಆದುದರಿಂದ ಇಂತಹ ರೋಗಿಗಳ ಪೈಕಿ 100ಕ್ಕೆ 10 ಮಂದಿಯ ನೀರಿನಲ್ಲಿಯೂ ಸೂಕ್ಷ್ಮದರ್ಶಕಕ್ಕೆ ಅಣುಗಳು ಸಿಕ್ಕುವುದಿಲ್ಲ.

ಇನ್ನೊಂದು ಮೋಸವೂ ಉಂಟು. ಈ ನೀರು ಎಷ್ಟೋ ವೇಳೆ ಔಷಧವಿಲ್ಲದೆಯೇ ಇಂಗಿಹೋಗುತ್ತದೆ. ರೋಗಿ ತಾನು ಗುಣವಾದೆನೆಂದು ಹೊಲಕ್ಕೆ ಹಿಂದಿರುಗುತ್ತಾನೆ. ಹೀಗೆ ಎದೆಯಲ್ಲಿ ನೀರು ಬಂದು ಚಿಕಿತ್ಸೆ ಪಡೆಯದ ಅಮೆರಿಕದ ಸೈನಿಕರ ವಿಚಾರ 1955ರಲ್ಲಿ ಪ್ರಕಟವಾಯಿತು. ಅವರಲ್ಲಿ 100ಕ್ಕೆ ಸುಮಾರು 65 ಮಂದಿ ಮುಂದೆ ಪ್ರಬಲ ಕ್ಷಯಕ್ಕೆ ತುತ್ತಾಗಿದ್ದರು.

ಅಣುಗಳು ಅಡಗಿದರೂ ಅವುಗಳೊಡನೆ ಹೋರಾಡಲು ಬಂದ ಬಿಳಿಯ ರಕ್ತಕಣಗಳು ಅಡಗಲಾರವು. ಅವುಗಳಲ್ಲಿ ಅಡಿನೋಸಿನ್ ಡಿಅಮಿನೇಸ್ ಎಂಬ ಕಿಣ್ವವಿದೆ. ಅಡಿನೋಸಿನ್ ಎಂಬ ವಸ್ತುವನ್ನು ಇನೋಸಿನ್ ಆಗಿ ಮಾರ್ಪಡಿಸಿ ಅಮೋನಿಯಾವನ್ನು ಬಿಡಿಸುವುದೇ ಇದರ ಕೆಲಸ. ಕೆಲಸ ಕಿರಿದು, ಮಹತ್ತ್ವ ಹಿರಿದು. ರೋಗನಿರೋಧ ಶಕ್ತಿಯೇ ಇಲ್ಲದ ಇಬ್ಬರು ಮಕ್ಕಳಲ್ಲಿ ಈ ಕಿಣ್ವ ಇರಲಿಲ್ಲವೆಂಬುದನ್ನು 1972ರಲ್ಲಿ ಅಮೆರಿಕದ ಎಲೋಯಿಸ್ ಗಿಬ್ಲೆಟ್ ಮತ್ತು ಅವರ ಸಂಗಡಿಗರು ತಿಳಿಸಿದರು. ಕಿಣ್ವವಿಲ್ಲದಿದ್ದರೆ ವಿಷಕರ ವಸ್ತುಗಳು ಕೂಡಿಕೊಂಡು ಲಿಂಫೋಸೈಟುಗಳೆಂಬ ಬಿಳಿಯ ಕಣಗಳು ನಾಶವಾಗುತ್ತವೆ. 1978ರಲ್ಲಿ ಇಟಲಿಯ ಸಂಶೋಧಕರು ಇದೇ ಕಿಣ್ವದ ಇನ್ನೊಂದು ಮುಖವನ್ನು ಕಂಡರು: ಕ್ಷಯದಿಂದ ಎದೆಯಲ್ಲಿ ಸೇರಿದ ನೀರಿನಲ್ಲಿ ಅದರ ಪ್ರಮಾಣ ಬಹಳ ಹೆಚ್ಚು.

ಪರೀಕ್ಷೆ ಸುಲಭವಾದುದು. ಸೂಜಿಯಿಂದ ತೆಗೆದ ನೀರಿಗೆ ಅಡಿನೋಸಿನನ್ನು ಬೆರೆಸುತ್ತಾರೆ. ಹೊರಬಿದ್ದ ಅಮೋನಿಯಾವನ್ನು ಒಂದು ನೀಲಿ ಬಣ್ಣವನ್ನಾಗಿ ಮಾಡಿ ಅದರ ಗಾಢತೆಯನ್ನು ಅಳೆಯುತ್ತಾರೆ. ಬಣ್ಣ ಗಾಢವಾದಷ್ಟೂ ಕಿಣ್ವ ಹೆಚ್ಚು. ಲೀಟರಿಗೆ 40 ಮಾನಗಳನ್ನು ಸಾಮಾನ್ಯವಾಗಿ ಎಲ್ಲೆಯಾಗಿ ಇಟ್ಟುಕೊಂಡಿದ್ದಾರೆ.

ಆದರೆ ಕಿಣ್ವವು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಕೀವು ತುಂಬಿದಾಗಲೂ, ಕೆಲವು ಸಂಧಿವಾತಗಳಲ್ಲಿಯೂ, ಲಿಂಫೋಮ ಎಂಬ ಅರ್ಬುದದಲ್ಲಿಯೂ ಅದು ಏರುತ್ತದೆ. ನೀರಿನಲ್ಲಿ ಲಿಂಫೋಸೈಟುಗಳೇ ಅಧಿಕವಾಗಿದ್ದರೆ, ಕ್ಷಯವು ವ್ಯಾಪಕವಾಗಿರುವ ನಮ್ಮಂತಹ ನಾಡಿನಲ್ಲಿ, ಅದರ ಮಾತಿಗೆ ಬೆಲೆ ಹೆಚ್ಚು. ಯಾವ ಔಷಧಕ್ಕೆ ರೋಗಾಣು ಬಗ್ಗೀತೆಂಬುದನ್ನಂತೂ ಅದು ಹೇಳಲಾರದು. ಅದಕ್ಕೆ ಅಣುವನ್ನೇ ಹಿಡಿಯಬೇಕು.

ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಸಂಸ್ಥೆಯವರು ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ ಒಂದು ಸಂಗತಿ ಹೊರಬಿದ್ದಿತು: ಪುಪ್ಪುಸದ ಕ್ಷಯವುಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅವರಿಗೆ ದೊರೆತುದು ಬಹುಮಟ್ಟಿಗೆ ಕೆಮ್ಮಿನ ಔಷಧ. ಹಳ್ಳಿಗ ಬಾರದಿರುವುದಲ್ಲ, ಬಂದವನ ರೋಗವನ್ನು ಗುರುತಿಸದಿರುವುದೇ ಕೊರತೆ. 2006ರಿಂದ ವೈದ್ಯಕೀಯ ಕಾಲೇಜುಳ್ಳ ಮಂಡ್ಯದಂತಹ ಜಿಲ್ಲೆಯಲ್ಲಿ ಈ ನೀಲಿ ಬಣ್ಣದ ಪರೀಕ್ಷೆ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಲ್ಲುದು.

ನಮ್ಮ ಬೆಳೆಗಾರನಿಗೆ ಕ್ಷಯವೆಂದು ನಿಶ್ಚಯವಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧ. ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ. ಜ್ವರ ಇಳಿದು ನೀರು ಇಂಗಿದರೂ ಅವನು ಅದನ್ನು ನಡುವೆ ಬಿಡಲಾಗದು. ಇಂಗಿದುದು ನೀರು, ಅಣುಗಳು ಇನ್ನೂ ಉಳಿದಿರಬಹುದು.