ನದಿಯ ಎರಡು ದಡಗಳಲ್ಲಿ ಒಂದು ಪ್ರಯೋಗ

ಲೋಹದ ಸಲಾಕೆಯೊಂದು ಕಾಯಿಸಿದಾಗ ಎಷ್ಟು ಹಿಗ್ಗಿತೆಂಬುದನ್ನು ಅರಿಯಲು, ಕಾಯಿಸದ ಇನ್ನೊಂದನ್ನು ನಾವು ಪಕ್ಕದಲ್ಲಿಟ್ಟುಕೊಳ್ಳಬಹುದು. ಒಂದು ಪ್ರಾಂತದ ಜನಜೀವನವನ್ನು ಪರೀಕ್ಷಿಸುವವರಿಗೆ ಅಂತಹ ಎರಡನೆಯ ಸಲಾಕೆ ಎಲ್ಲಿ ದೊರೆಯಬೇಕು? ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿದ್ದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರಿಗೆ ಅದು ನೆರೆಯಲ್ಲಿಯೇ ದೊರೆಯಿತು.

1992ರ ಏಪ್ರಿಲ್ 1ರಿಂದ ನ್ಯೂ ಜೆರ್ಸಿಯ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಬೇಕಾಗಿತ್ತು. ಆದರೆ ಅಷ್ಟರಲ್ಲಿ ವ್ಯಾಪಾರ ಕುಗ್ಗಿತ್ತು. ಕೂಲಿ ಹೆಚ್ಚಿದರೆ ಬಡವರ ಕೆಲಸವೇ ಹೋದೀತೆಂಬ ಅಂಜಿಕೆ ಬಲವಾಗಿತ್ತು. ಏರಿಕೆಯನ್ನು ಎರಡು ವರ್ಷಗಳಿಗೆ ಹಂಚಬೇಕೆಂದು ಶಾಸನಸಭೆಯು ಮಾರ್ಚಿನಲ್ಲಿ ಮತವಿತ್ತರೂ ಗವರ್ನರರು ಒಪ್ಪಲಿಲ್ಲ. ಪೂರ್ತಿ ಏರಿಕೆ ಜಾರಿಗೆ ಬಂದಿತು. ಡೆಲವೇರ್ ನದಿಯಾಚೆಯ ಪೆನ್ಸಿಲ್ವೇನಿಯದಲ್ಲಿ ಕೂಲಿ 4.25ರಲ್ಲಿಯೇ ನಿಂತಿತು. ಕಾಯಿಸದ ಸಲಾಕೆ ಇದೇ.

ಅವರು ಬರ್ಗರ್, ಹುರಿದ ಕೋಳಿ ಮುಂತಾದುವನ್ನು ಮಾರುವ 410 ಅಂಗಡಿಗಳನ್ನು ಆರಿಸಿಕೊಂಡರು. ಕನಿಷ್ಠ ಕೂಲಿಯವರು ಹೆಚ್ಚಾಗಿರುವುದು ಅಲ್ಲಿಯೇ. ಗಿರಾಕಿಗಳ ಭಕ್ಷೀಸಿನ ಗೊಂದಲವೂ ಇಲ್ಲ. ಏರಿಕೆಗೆ ಮೊದಲೊಮ್ಮೆ, ನವೆಂಬರ್-ಡಿಸೆಂಬರುಗಳಲ್ಲಿ ಮತ್ತೊಮ್ಮೆ ವಿಚಾರಿಸಿದರು. ಎರಡನೆಯ ಸಲ ದೂರವಾಣಿಗೆ ಉತ್ತರ ಬಾರದ ಕಡೆಗೆ ಆಳನ್ನೇ ಕಳುಹಿಸಿದರು. ಮುಚ್ಚಿಹೋದ ಅಂಗಡಿಗಳನ್ನು ಕೈಬಿಡದೆ, ಅಲ್ಲಿನ ಕೆಲಸಗಾರರು ಸೊನ್ನೆಯೆಂದು ಬರೆದುಕೊಂಡರು. ವಾಚಕರು ಇದನ್ನು ಗಮನಿಸಬೇಕು. ಕೆಟ್ಟ ಫಲಿತಾಂಶಗಳು ಅಡಗಿಕೊಳ್ಳುವುದು ಇಂತಹ ಮೂಲೆಗಳಲ್ಲಿಯೇ.

ಅರ್ಧಾವಧಿಯವರನ್ನು ಅರ್ಧವೆಂದು ಎಣಿಸಿದಾಗ ನ್ಯೂ ಜೆರ್ಸಿಯ ಅಂಗಡಿಯ ಸರಾಸರಿ ಕೆಲಸಗಾರರು 20.4 ಇದ್ದದ್ದು 21.0 ಆಯಿತು. ಪೆನ್ಸಿಲ್ವೇನಿಯದಲ್ಲಿ 23.3ರಿಂದ 21.2ಕ್ಕೆ ಇಳಿಯಿತು. ಕೂಲಿ ಏರಿದ ಕಡೆ ಕೆಲಸ ಕುಗ್ಗಿರಲಿಲ್ಲ! ಊಟದ ಬೆಲೆ ಮಾತ್ರ ಅಲ್ಲಿ ಸುಮಾರು ಶೇಕಡಾ 4ರಷ್ಟು ಹೆಚ್ಚಾಗಿ ಏರಿತ್ತು. ಹೊರೆಯ ಒಂದು ಪಾಲನ್ನು ಗಿರಾಕಿಗಳು ಹೊತ್ತಿದ್ದಿರಬೇಕು.

1994ರಲ್ಲಿ ಪ್ರಕಟವಾದ ಈ ಲೇಖನ ದೊಡ್ಡ ವಾಗ್ವಾದವನ್ನೆಬ್ಬಿಸಿತು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಅಂಗಡಿಗಳ ಸಂಬಳದ ಲೆಕ್ಕಗಳನ್ನು ತರಿಸಿ ನೋಡಿ, ಕೆಲಸ ಕಡಮೆಯಾಗಿದೆಯೆಂದು ವಾದಿಸಿದರು. ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಸರ್ಕಾರಿ ದಾಖಲೆಗಳಿಂದ ಉತ್ತರವಿತ್ತರು: ಪರಿಣಾಮ ಅತ್ಯಲ್ಪ. ಕ್ರೂಗರ್ 2019ರಲ್ಲಿ ತೀರಿಕೊಂಡರು. 2021ರಲ್ಲಿ ಕಾರ್ಡರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗ ಸಂದಿತು.

ಆದರೆ ಅಳೆದದ್ದು 80 ಸೆಂಟುಗಳ ಏರಿಕೆಯನ್ನು ಮಾತ್ರ. ಸಣ್ಣ ತೂಕಕ್ಕೆ ನಿಯಮದಂತೆ ಹಿಗ್ಗುವ ಸುರುಳಿಯು ಭಾರ ಮಿತಿಮೀರಿದರೆ ಮೊದಲಿನ ಉದ್ದಕ್ಕೆ ಮರಳದು. ಆ ಮಿತಿ ಕೂಲಿಯ ವಿಷಯದಲ್ಲಿ ಎಲ್ಲಿದೆಯೆಂಬುದನ್ನು ಈ 410 ಅಂಗಡಿಗಳ ಲೆಕ್ಕ ಹೇಳುವುದಿಲ್ಲ.