ಕೋಲಾರದ ಗಣಿದಿಬ್ಬಗಳೂ ಸಿಮೆಂಟೂ

ಕೋಲಾರದ ಚಿನ್ನದ ಪ್ರದೇಶದಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಗೊಂಡ ಗಣಿಕಾರ್ಯವು 2001ರ ಫೆಬ್ರವರಿ 28ರಂದು ನಿಂತಿತು. ಚಿನ್ನವು ಹೊರಗೆ ಹೋಯಿತು. ಸೈನೈಡಿನಿಂದ ಅದನ್ನು ಬೇರ್ಪಡಿಸಿದ ಮೇಲೆ ಉಳಿದ ಕಲ್ಲಿನ ಹುಡಿಯು ದಿಬ್ಬಗಳಾಗಿ ಊರಿನಲ್ಲಿಯೇ ಉಳಿಯಿತು. ಗಾಳಿ ಬೀಸಿದಾಗ ಅದು ಮನೆಗಳನ್ನು ಹೊಗುತ್ತದೆ. ಈ ಹುಡಿಯನ್ನು ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಬಳಸಬಹುದೇ ಎಂಬುದು ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಇಂತಹ ಮಿಶ್ರಣವು ನಮಗೆ ಹೊಸದಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಗೆ ಸುಣ್ಣದೊಡನೆ ಸುರ್ಕಿಯನ್ನು, ಎಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ಬೆರೆಸಿದ ಗಾರೆಯನ್ನು ಬಳಸಿದರು. ಸುಟ್ಟಾಗ ಜೇಡಿಮಣ್ಣಿನ ಹರಳಿನ ರಚನೆ ಕೆಡುತ್ತದೆ. ಅನಂತರ ಅದರಲ್ಲಿನ ಸಿಲಿಕವು ನೀರಿನ ಸಹಾಯದಿಂದ ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತದೆ. ಗಣಿಯ ಹುಡಿಯಲ್ಲಿಯೂ ಸಿಲಿಕವು ಹೇರಳವಾಗಿದೆ. ಆದರೆ ಬೆಣಚುಕಲ್ಲಿನ ಹರಳುಗಳಲ್ಲಿ ಬಂಧಿತವಾದ ಸಿಲಿಕವು ಸಾಧಾರಣ ಉಷ್ಣತೆಯಲ್ಲಿ ಸುಣ್ಣದೊಡನೆ ಸುಲಭವಾಗಿ ಕೂಡದು. ನುಣ್ಣಗೆ ಅರೆದು ಅಲ್ಪಪ್ರಮಾಣದಲ್ಲಿ ಸೇರಿಸಿದರೆ ಅದು ಕಣಗಳ ನಡುವಣ ಸಂದುಗಳನ್ನು ತುಂಬೀತು; ಪ್ರಮಾಣವು ಮಿತಿಮೀರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ.

ಸಿಮೆಂಟಿಗಾಗಿ ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1,450 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಇಂಧನದ ಹೊಗೆಯಲ್ಲದೆ ಸುಣ್ಣಕಲ್ಲೂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಆದ್ದರಿಂದ ಅಲ್ಪ ಉಳಿತಾಯವೂ ಉಪೇಕ್ಷಣೀಯವಲ್ಲ. ಆದರೆ ಹುಡಿಯಲ್ಲಿ ಉಳಿದಿರಬಹುದಾದ ಸೈನೈಡೂ ವಿಷಲೋಹಗಳೂ ಗೋಡೆಯಿಂದ ನೀರಿಗೆ ಒಸರುವುದಿಲ್ಲವೆಂಬುದು ಮೊದಲು ಪರೀಕ್ಷೆಯಿಂದ ಸಿದ್ಧವಾಗತಕ್ಕದ್ದು. ದಿಬ್ಬದ ಬುಡದಲ್ಲಿರುವವರ ಅಂಗಳದ ವಿಷವನ್ನು ಮತ್ತೊಬ್ಬರ ಗೋಡೆಗೆ ಸಾಗಿಸುವುದು ಪರಿಹಾರವೆನಿಸದು.