ಅಪ್‌ಡೇಟ್ ಆದ ಮೇಲೆ ಪರದೆ ಕೆಟ್ಟಿತೇ? ಗಾಬರಿ ಬೇಡ!

ರಾತ್ರಿ ಮಹಿಳಾ ಸಂಘದ ಲೆಕ್ಕ ಬರೆದು ಮುಗಿಸಿದಿರಿ. ಕಂಪ್ಯೂಟರ್ ತಾನೇ ಅಪ್‌ಡೇಟ್ ಮಾಡಿಕೊಂಡು ಮಲಗಿತು. ಬೆಳಿಗ್ಗೆ ಹಾಕಿದರೆ ಅಕ್ಷರಗಳೆಲ್ಲ ಊದಿಕೊಂಡಿವೆ, ಪರದೆ ಮಿಣಮಿಣ ಎನ್ನುತ್ತಿದೆ, ಇಲ್ಲವೇ ಪೂರ್ತಿ ಕಪ್ಪು! 'ಅಯ್ಯೋ, ಲೆಕ್ಕ, ಮಗಳ ಮದುವೆ ಫೋಟೋ ಎಲ್ಲಾ ಹೋಯ್ತಲ್ಲ' ಎಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ಹೀಗಾದಾಗ ಸಾಮಾನ್ಯವಾಗಿ ಅವು ಎಲ್ಲಿಗೂ ಹೋಗಿರುವುದಿಲ್ಲ. ತೊಂದರೆ ಇರುವುದು ಹೆಚ್ಚಾಗಿ 'ಡ್ರೈವರ್'ನಲ್ಲಿ.

ಡ್ರೈವರ್ ಎಂದರೇನು?

ಬಸ್ಸಿನ ಡ್ರೈವರ್ ಅಲ್ಲ! ಕಂಪ್ಯೂಟರಿನೊಳಗೆ ಪರದೆಯ ಚಿತ್ರ ಮೂಡಿಸಲೆಂದೇ ಒಂದು ಭಾಗವಿದೆ. ಇಂಟೆಲ್, ಎಎಂಡಿ, ಎನ್‌ವಿಡಿಯಾ ಕಂಪನಿಗಳು ಅದನ್ನು ತಯಾರಿಸುತ್ತವೆ. ಅದರಿಂದ ಸರಿಯಾಗಿ ಕೆಲಸ ಮಾಡಿಸುವ ಪ್ರೋಗ್ರಾಮೇ ಗ್ರಾಫಿಕ್ಸ್ ಡ್ರೈವರ್. ಅಪ್‌ಡೇಟ್ ಒಮ್ಮೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತದೆ. ಕುಕ್ಕರಿಗೆ ಹೊಂದದ ಗ್ಯಾಸ್ಕೆಟ್ ಹಾಕಿದರೆ ಪಕ್ಕದಲ್ಲೆಲ್ಲ ಆವಿ ಸೋರುವುದಿಲ್ಲವೇ? ಹಾಗೆಂದು ಕುಕ್ಕರನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಇದೂ ಹಾಗೆಯೇ.

ನೀವೇ ಮಾಡಿ ನೋಡಿ

ವಿಂಡೋಸ್ 10 ಮತ್ತು 11 ಎರಡರಲ್ಲೂ ಈ ಕ್ರಮ ನಡೆಯುತ್ತದೆ. ಮೊದಲು ವೈರುಗಳು ಸಡಿಲವಾಗಿವೆಯೇ ನೋಡಿ.

1. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ, ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ. ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಬರೆದಿದ್ದೇನೂ ಅಳಿಯುವುದಿಲ್ಲ.

2. ಪರದೆ ಮಿಣುಕುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ 'ಟಾಸ್ಕ್ ಮ್ಯಾನೇಜರ್' ತೆರೆಯಿರಿ. ಅದೂ ಮಿಣುಕಿದರೆ ಡ್ರೈವರಿನದೇ ದೋಷವಿರಬಹುದು. ಅದೊಂದು ಸ್ಥಿರವಾಗಿ ನಿಂತು ಉಳಿದದ್ದು ಮಿಣುಕಿದರೆ ದೋಷ ಬೇರಾವುದೋ ಪ್ರೋಗ್ರಾಮಿನದು.

3. ಸ್ಟಾರ್ಟ್ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅದರಲ್ಲಿ 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗಿನ ಹೆಸರನ್ನು ಎರಡು ಸಲ ಒತ್ತಿ, 'ಡ್ರೈವರ್' ಪುಟಕ್ಕೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಆರಿಸಿ. ಹಳೆಯ ಡ್ರೈವರ್ ವಾಪಸು ಬರುತ್ತದೆ. ಆಮೇಲೆ ಕಂಪ್ಯೂಟರನ್ನು ಒಮ್ಮೆ ರಿಸ್ಟಾರ್ಟ್ ಮಾಡಿ.

4. ಆ ಗುಂಡಿ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲವೆಂದು ಅರ್ಥ. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಸರಿಯಾದ ಡ್ರೈವರೇ ಇಲ್ಲವೆಂದು ತಿಳಿಯಿರಿ. ಅಕ್ಷರ ಊದುವುದು ಇದರಿಂದಲೇ. ಲ್ಯಾಪ್‌ಟಾಪಿನ ಬೆನ್ನ ಮೇಲಿನ ಚೀಟಿಯಲ್ಲಿ ಮಾಡೆಲ್ ಹೆಸರು ನೋಡಿಕೊಂಡು, ತಯಾರಿಸಿದ ಕಂಪನಿಯ ಸ್ವಂತ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. 'ಉಚಿತ ಡ್ರೈವರ್' ಎಂಬ ಜಾಹೀರಾತುಗಳ ಸಹವಾಸ ಬೇಡವೇ ಬೇಡ.

ಪೂರ್ತಿ ಕಪ್ಪಾಗಿದ್ದರೆ?

ಕಂಪ್ಯೂಟರ್ ಹಾಕಿ, ಕಂಪನಿಯ ಗುರುತು ಕಂಡ ಕೂಡಲೇ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿಯ ಪರದೆ ಬರುತ್ತದೆ. 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್', 'ರಿಸ್ಟಾರ್ಟ್' ಒಂದಾದ ಮೇಲೊಂದು ಒತ್ತಿ, ಕೊನೆಗೆ 4 ಒತ್ತಿದರೆ 'ಸೇಫ್ ಮೋಡ್' ತೆರೆಯುತ್ತದೆ. ನಡುವೆ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಿದರೆ ಹೆದರಬೇಡಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲಿನಲ್ಲೂ ನೋಡಬಹುದು. ಸೇಫ್ ಮೋಡಿನಲ್ಲಿ ಮೊದಲು ಫೋಟೋ, ಲೆಕ್ಕಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ನಂತರ ಮೂರನೆಯ ಕ್ರಮ ಮಾಡಿ.

ಸರಿಹೋದ ಮೇಲೆ ಅಪ್‌ಡೇಟನ್ನು ಒಂದು ವಾರ 'ಪಾಸ್' ಮಾಡಿಡಿ, ಇಲ್ಲದಿದ್ದರೆ ಅದೇ ಡ್ರೈವರ್ ಮತ್ತೆ ಬಂದು ಕೂರಬಹುದು. ಶಾಶ್ವತವಾಗಿ ಮಾತ್ರ ನಿಲ್ಲಿಸಬೇಡಿ. ಕಳ್ಳರು ನುಸುಳುವ ಕಿಂಡಿಗಳನ್ನು ಮುಚ್ಚುವುದೂ ಈ ಅಪ್‌ಡೇಟ್‌ಗಳೇ.

ಇಷ್ಟಾದರೂ ಆಗದಿದ್ದರೆ ಅಂಗಡಿಗೆ ಹೋಗಿ. 'ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ' ಎಂದರೆ ತಕ್ಷಣ ಹೂಂ ಎನ್ನಬೇಡಿ. ಫಾರ್ಮ್ಯಾಟ್ ಎಂದರೆ ಡಬ್ಬಿಯಲ್ಲಿದ್ದುದನ್ನೆಲ್ಲ ಚೆಲ್ಲಿ ತೊಳೆದಂತೆ. 'ಮೊದಲು ಡಿಸ್‌ಪ್ಲೇ ಡ್ರೈವರ್ ಬದಲಾಯಿಸಿ ನೋಡಪ್ಪಾ. ಫೋಟೋಗಳನ್ನು ಬೇರೆ ಕಡೆ ಇಳಿಸದೆ ಫಾರ್ಮ್ಯಾಟ್‌ಗೆ ಕೈ ಹಾಕಬೇಡ' ಎಂದು ಧೈರ್ಯವಾಗಿ ಹೇಳಿ.